ಅಳಿಯನ ಅಂಗಳದಲ್ಲಿ ಹೊಟ್ಟೆ ಕಟ್ಟಿದ್ದು

ಮಾರ್ಚ್ ೩, ಮಂಗಳವಾರ

ನಿವೃತ್ತಿಯ ದಿನ ಶಾಲೆಯ ಬೀರುವಿನಿಂದ ಈ ನೋಟ್‌ಬುಕ್ಕನ್ನು ಎತ್ತಿಕೊಂಡು ಬಂದಿದ್ದೆ. ಮೂವತ್ತೊಂದು ವರ್ಷ ಹೆಡ್‌ಮಿಸ್ಟ್ರೆಸ್ ಆಗಿ ದುಡಿದವಳು ಒಂದು ನೋಟ್‌ಬುಕ್ಕು ಎತ್ತಿದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಇಲ್ಲಿ ಮನಸ್ಸಿನ ಮಾತನ್ನು ಬಾಯಿಬಿಟ್ಟು ಆಡುವ ಹಾಗಿಲ್ಲ, ಆಡಿದರೆ ಗೋಡೆಯಾಚೆ ಕೇಳುತ್ತದೆ. ಅದಕ್ಕೇ ಬರೆಯುತ್ತೇನೆ.

ನಾನು ಬಂದು ಬಿದ್ದಿರುವುದು ಅಳಿಯನ ಅಂಗಳದಲ್ಲಿ. ಗರ್ಭಕೋಶದ ಬಾಯಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೆ ಹತ್ತಿದ ಮೇಲೆ ಡಾಕ್ಟರು ಕೈಚೆಲ್ಲಿದರು. ನೋವಿನ ಔಷಧಿಯೊಂದೇ ಗತಿ. ಅದನ್ನು ಮನೆಗೆ ತರುವ ನರ್ಸಿನ ಗಾಡಿ ಮಸಾಕಾ ಪೇಟೆಯಿಂದ ಇಪ್ಪತ್ತು ಕಿಲೋಮೀಟರಿನಾಚೆಗೆ ಬರುವುದಿಲ್ಲವಂತೆ. ನನ್ನ ಊರು ಎಪ್ಪತ್ತು ಕಿಲೋಮೀಟರ್ ದೂರ. ಆ ಇಪ್ಪತ್ತು ಕಿಲೋಮೀಟರಿನ ಗೆರೆಯೊಳಗೆ ನನಗಿರುವುದು ಒಬ್ಬಳೇ ಮಗಳು, ನಸ್ಸೂನಾ. ಅವಳ ಗಂಡ ಮಾವೆಜ್ಜೆ.

ಅತ್ತೆ ಅಳಿಯನ ಸೂರಿನ ಕೆಳಗೆ ಮಲಗುವುದುಂಟೇ? ಅದಕ್ಕೇ ಅಂಗಳದ ಮೂಲೆಯಲ್ಲಿ ಇದ್ದಿಲು ತುಂಬಿಡುತ್ತಿದ್ದ ಕೋಣೆಗೆ ಸುಣ್ಣ ಬಳಿದು ನನ್ನನ್ನು ಹಾಕಿದ್ದಾರೆ. ಅಳಿಯನ ಮುಖವನ್ನು ನಾನು ನೋಡುವ ಹಾಗಿಲ್ಲ, ನನ್ನ ಮುಖವನ್ನು ಅವನು ನೋಡುವ ಹಾಗಿಲ್ಲ. ಮುಟ್ಟಿದರಂತೂ ಮುಗಿದೇಹೋಯಿತು, ಓಬುಕೊ ಅನ್ನುವ ದೋಷ ಬಡಿದು ಸಾಯುವ ತನಕ ಕೈ ನಡುಗುತ್ತದೆ. ಮದುವೆಯಾಗಿ ಹದಿನಾಲ್ಕು ವರ್ಷ, ಇವತ್ತಿನವರೆಗೆ ನಾನು ಅವನ ಬೆನ್ನು ಬಿಟ್ಟು ಬೇರೇನೂ ಕಂಡಿಲ್ಲ. ಕಾಣಬೇಕೆಂಬ ಆಸೆಯೂ ಇಲ್ಲ. ಟೀಚರ್ ಟ್ರೈನಿಂಗ್ ಎರಡನೇ ವರ್ಷದಲ್ಲಿದ್ದ ನನ್ನ ಮಗಳನ್ನು ಬಿಡಿಸಿ ನ್ಯೆಂಡೊ ಮಾರುಕಟ್ಟೆಯಲ್ಲಿ ಈರುಳ್ಳಿ ಮಾರಲು ಕೂರಿಸಿದ ಮಹಾನುಭಾವ ಅವನು.

ಹಳೇ ಎಣ್ಣೆ ಡಬ್ಬ ಬಡಿದು ಇದ್ದಿಲ ಒಲೆ ಮಾಡುವುದು ಅವನ ಕಸುಬು. ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ಆರರವರೆಗೆ ನನ್ನ ತಲೆಯ ಮೇಲೇ ಬಡಿದ ಹಾಗೆ ಬಡಿಯುತ್ತಾನೆ.

ಇವತ್ತು ನರ್ಸು ಬಂದಿದ್ದಳು, ಟುಮುಶಾಬೆ ಅಂತ, ಪಶ್ಚಿಮದ ಕಡೆಯವಳು. ಗಂಟಲು ಮಾತ್ರ ಹರಾಜು ಕೂಗುವವನದು. ಐದರಲ್ಲಿ ಎಷ್ಟು ನೋವು ಅಂತ ಬೆರಳು ತೋರಿಸಿ ಅಂದಳು. ನಾಲ್ಕು ಬೆರಳು ತೋರಿಸಿದೆ. ಹಸಿರು ನೀರಿನಂಥ ಮಾರ್ಫಿನ್ ಬಾಟಲಿ ಕೊಟ್ಟಳು, ಜೊತೆಗೆ ಪುಟ್ಟ ಹಳದಿ ಮಾತ್ರೆ.

"ಅಮ್ಮಾ, ಹಸಿರು ಔಷಧಿ ನಾಲ್ಕು ಗಂಟೆಗೊಂದ್ಸಲ. ಇದು ನೋವು ತೆಗೆಯತ್ತೆ, ಆದ್ರೆ ಹೊಟ್ಟೆ ಕಟ್ಟತ್ತೆ. ಕಟ್ಟೇ ಕಟ್ಟತ್ತೆ. ಅದಕ್ಕೇ ಮಲಗೋವಾಗ ಈ ಮಾತ್ರೆ. ಇವೆರಡೂ ಗಂಡ ಹೆಂಡ್ತಿ ಇದ್ದಂಗೆ, ಒಬ್ಬರನ್ನ ಬಿಟ್ಟು ಒಬ್ಬರನ್ನ ಕರೀಬೇಡಿ."

ಇಷ್ಟು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, ಹೊರಕಡೆಗೆ ಆಗಿ ಎಷ್ಟು ದಿನ ಆಯಿತು ಅಂತ ಊರಿಗೇ ಕೇಳುವ ಹಾಗೆ ಕೇಳಿದಳು. ಆಚೆ ಸುತ್ತಿಗೆಯ ಸದ್ದು ನಿಂತಿತು. ಅಳಿಯ ಕೇಳಿಸಿಕೊಂಡ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಾರ್ಚ್ ೬, ಶುಕ್ರವಾರ

ಔಷಧಿ ಕೆಲಸ ಮಾಡುತ್ತಿದೆ, ನೋವು ಎರಡು ಬೆರಳಿಗಿಳಿದಿದೆ. ಅದನ್ನು ಹೇಳಿಬಿಡಬೇಕು. ಉಳಿದದ್ದೆಲ್ಲ ನರಕ.

ಕಕ್ಕಸು ಅಂಗಳದ ಆ ತುದಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಅವನು ಕೂತು ಬಡಿಯುವ ಜಾಗ ದಾಟಬೇಕು. ನಾನು ಬಾಗಿಲಲ್ಲಿ ನಿಂತು ಕೆಮ್ಮುತ್ತೇನೆ. ಅವನು ಸುತ್ತಿಗೆ ಕೆಳಗಿಟ್ಟು, ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಗೋಣಿಚೀಲ ಎಳೆದುಕೊಳ್ಳುತ್ತಾನೆ. ನಾನು ದಾಟುತ್ತೇನೆ. ಇಲ್ಲಿಯವರೆಗೆ ಎಲ್ಲ ಸರಿ, ಮರ್ಯಾದೆ ಅಂದರೆ ಅದೇ. ಆದರೆ ನಾನು ಒಳಗೆ ಕೂತಿರುವಷ್ಟು ಹೊತ್ತೂ, ವಾಪಸ್ ಬಂದು ಬಾಗಿಲು ಹಾಕಿಕೊಳ್ಳುವವರೆಗೂ ಅವನು ಬಡಿಯುವುದಿಲ್ಲ. ಇಡೀ ಕೇರಿಗೆ ಸುತ್ತಿಗೆ ನಿಂತದ್ದು ಗೊತ್ತಾಗುತ್ತದೆ. ಯಾಕೆ ನಿಂತಿತು ಅನ್ನುವುದೂ ಗೊತ್ತು. ಎಷ್ಟು ಹೊತ್ತಿನಿಂದ ನಿಂತಿದೆ ಅನ್ನುವುದನ್ನು ಎಲ್ಲರೂ ಎಣಿಸುತ್ತಾರೆ.

ಇವತ್ತು ಅರ್ಧ ಗಂಟೆ ಕೂತೆ. ಆ ಮೌನದಲ್ಲಿ ಏನು ತಾನೇ ಆದೀತು? ಎದ್ದು ಬಂದೆ. ಪಕ್ಕದ ಮನೆಯ ಬೊಸ್ಕೊನ ಅಮ್ಮ ಬೇಲಿಯ ಮೇಲಿಂದ ಕತ್ತು ಹಾಕಿ, "ಟೀಚರಮ್ಮ, ಇವತ್ತು ತುಂಬ ಹೊತ್ತಾಯ್ತಲ್ಲ. ಆಯ್ತಾ, ಬರೀಗೈನಾ?" ಅಂದಳು. ನನ್ನ ಶಾಲೆಯಲ್ಲಿ ಇಂಥ ಬಾಯಿಗೆ ಮೂರು ದಿನ ಬಿಸಿಲಲ್ಲಿ ಮೊಣಕಾಲೂರಿಸುತ್ತಿದ್ದೆ.

ತೀರ್ಮಾನ ಮಾಡಿದ್ದೇನೆ. ಮಾತ್ರೆ ನುಂಗಿದರೆ ತಾನೇ ದಿನಾ ಹೋಗಬೇಕಾಗುವುದು? ನುಂಗುವುದಿಲ್ಲ. ನಾಲ್ಕು ದಿನಕ್ಕೊಮ್ಮೆ, ಅವನು ತಗಡು ತರಲು ಪೇಟೆಗೆ ಹೋದಾಗ ಹೋಗಿ ಬಂದರೆ ಸಾಕು. ಕಿಟಕಿಯ ಕೆಳಗೆ ಬಾಳೆ ಬುಡ ಇದೆ, ಅದು ನುಂಗಲಿ.

ಮಾರ್ಚ್ ೧೦, ಮಂಗಳವಾರ

ಟುಮುಶಾಬೆ ಬಂದಳು. ದಿನಾ ಆಗ್ತಿದೆಯಾ ಅಂದಳು. ದಿನಾ ಆಗುತ್ತಿದೆ ಅಂದೆ. ಮಾತ್ರೆ ತಗೋತಿದೀರಾ ಅಂದಳು. ತಪ್ಪದೆ ಅಂದೆ. ಬರೆದುಕೊಂಡಳು. ಮಕ್ಕಳು ನನ್ನ ಮುಂದೆ ನಿಂತು ಹೇಗೆ ಸುಳ್ಳು ಹೇಳುತ್ತಿದ್ದರೋ ಹಾಗೇ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಒಬ್ಬ ಹೆಡ್‌ಮಿಸ್ಟ್ರೆಸ್ಸನ್ನು ಅನುಮಾನಿಸುವ ಧೈರ್ಯ ಯಾರಿಗಿದೆ?

ಊಟ ಸೇರುವುದಿಲ್ಲ. ನಸ್ಸೂನಾ ಬಾಳೆಕಾಯಿ ಬೇಯಿಸಿ ಮಾಡಿದ ಮಟೊಕೆಯನ್ನು ಎರಡು ತುತ್ತಿಗೇ ಸರಿಸಿದೆ. ಕಡಲೆಕಾಯಿ ಸಾರು ಸೀದುಹೋಗಿದೆ ಅಂದೆ. ಸೀದಿರಲಿಲ್ಲ. ಮೊಣಕಾಲೂರಿ ಕೂತವಳು ತಟ್ಟೆ ಎತ್ತಿಕೊಂಡು ಹೋದಳು. ಅವಳು ಜಗಳಕ್ಕೆ ಬರುವುದಿಲ್ಲ, ಅದೇ ನನಗೆ ಇನ್ನೂ ಸಿಟ್ಟು. ಅಪ್ಪನ ಸ್ವಭಾವ.

ಮಾರ್ಚ್ ೧೩, ಶುಕ್ರವಾರ

ಹತ್ತು ದಿನ. ಹೊಟ್ಟೆ ಕಲ್ಲಾಗಿದೆ. ಅವನು ಪೇಟೆಗೆ ಹೋದಾಗ ಎರಡು ಸಲ ಹೋಗಿ ಕೂತೆ, ಜೀವ ಹೋಗುವಷ್ಟು ತಿಣುಕಿದೆ, ಏನೂ ಇಲ್ಲ. ಹಾಳು ಸುತ್ತಿಗೆ. ಹಾಳು ಮನೆ.

ಮಾರ್ಚ್ ೧೫, ಭಾನುವಾರ

ಬಂತು. ಅಬ್ಬಾ, ಬಂತು ಅಂದುಕೊಂಡೆ. ಬೆಳಿಗ್ಗೆ ಎಲ್ಲರೂ ಪೂಜೆಗೆ ಚರ್ಚಿಗೆ ಹೋಗಿದ್ದಾಗ ನೀರಿನ ಹಾಗೆ ಹರಿಯಿತು. ಮಧ್ಯಾಹ್ನ ಮತ್ತೆ ಹರಿಯಿತು. ಸಂಜೆ ನನಗೆ ಗೊತ್ತೇ ಆಗದೆ ಚಾಪೆಯಲ್ಲೇ ಹರಿಯಿತು.

ಮಾತ್ರೆಯಿಲ್ಲದೆ ಆಯಿತು ನೋಡಿ ಅಂತ ಒಳಗೊಳಗೇ ಗೆದ್ದೆ. ಆದರೆ ನಿಲ್ಲಲಿಲ್ಲ. ಮಗಳ ಕೈಯಲ್ಲಿ ಚಾಪೆ ತೊಳೆಸಿಕೊಳ್ಳುವುದು ಗೆಲುವೇ? ಅವಳು ಅಂಗಳದಲ್ಲಿ ತಿಕ್ಕುತ್ತಿದ್ದಳು, ಅವನು ಕೊಡ ಹೊತ್ತು ತಂದು ಸುರಿಯುತ್ತಿದ್ದ. ನನಗೆ ಎಲ್ಲ ಕೇಳಿಸಿತು.

ಮಾರ್ಚ್ ೧೭, ಮಂಗಳವಾರ

ಗಾಡಿ ಕೆಟ್ಟಿದೆಯಂತೆ, ನರ್ಸು ಬರಲಿಲ್ಲ. ನಸ್ಸೂನಾ ತಾನೇ ಡಾಕ್ಟರಾದಳು. ಅಮ್ಮನಿಗೆ ಭೇದಿ ಹಿಡಿದಿದೆ, ಆ ಹಳದಿ ಮಾತ್ರೆಯಿಂದಲೇ ಹೀಗಾಗಿದೆ ಅಂತ ಡಬ್ಬಿಯನ್ನು ಮೇಲೆತ್ತಿಟ್ಟಳು. ಮೊದಲ ದಿನದ್ದು ಬಿಟ್ಟರೆ ನಾನು ಒಂದೂ ನುಂಗಿಲ್ಲ ಅಂತ ಹೇಳಲಿಕ್ಕಾಗುತ್ತದೆಯೇ? ಅವನು ಸೈಕಲ್ಲು ತುಳಿದು ಹೋಗಿ ಔಷಧಿ ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದ. ಅದನ್ನು ಮಾತ್ರ ನಾನು ಆಸೆಯಿಂದ ನುಂಗಿದೆ. ಎರಡೆರಡು. ಚಾಪೆ ಒದ್ದೆಯಾಗದಿದ್ದರೆ ಸಾಕಾಗಿತ್ತು ನನಗೆ.

ಮಾರ್ಚ್ ೧೯, ಗುರುವಾರ

ತಿಂದದ್ದೆಲ್ಲ ವಾಂತಿ. ಹೊಟ್ಟೆ ಮುಟ್ಟಿದರೆ ಕಣ್ಣಿಗೆ ಕತ್ತಲೆ ಬರುತ್ತದೆ. ಇದೆಲ್ಲ ಆ ಹಸಿರು ನೀರಿನ ಕಿತಾಪತಿ ಅಂತ ನನಗೆ ಖಾತ್ರಿಯಾಗಿದೆ. ಇವತ್ತಿನಿಂದ ಅದನ್ನೂ ಬಿಟ್ಟೆ. ನಸ್ಸೂನಾ ಬಾಟಲಿ ಹಿಡಿದುಕೊಂಡು ಅತ್ತಳು. ಕೈಯಿಂದ ತಳ್ಳಿದೆ.

ಮಾರ್ಚ್ ೨೦, ಶುಕ್ರವಾರ

ಐದು ಬೆರಳು. ದೇವರೇ, ಐದು.

ಮಾರ್ಚ್ ೨೨, ಭಾನುವಾರ

ನಿನ್ನೆ ನಡೆದದ್ದನ್ನು ಬರೆಯುವಷ್ಟು ಕೈಗೆ ಶಕ್ತಿ ಬಂದಿದೆ.

ಬೆಳಿಗ್ಗೆ ಟುಮುಶಾಬೆ ಬಂದಳು, ಗಾಡಿಯಲ್ಲಲ್ಲ, ಮಾವೆಜ್ಜೆಯ ಸೈಕಲ್ಲಿನ ಹಿಂದೆ ಕೂತು. ಯಾರು ಕರೆಯಲು ಹೇಳಿದ್ದರೋ. ನಸ್ಸೂನಾ ಅಂಗಡಿಗೆ ಹೋಗಿಯಾಗಿತ್ತು. ಟುಮುಶಾಬೆ ಹೊಟ್ಟೆ ಒತ್ತಿ ನೋಡಿದಳು, ಕೈಗೆ ಗವಸು ಹಾಕಿ ಒಳಗೂ ನೋಡಿದಳು, ಆಮೇಲೆ ಹಿಂದಕ್ಕೆ ಕೂತು ನನ್ನ ಮುಖ ನೋಡಿದಳು.

"ಅಮ್ಮಾ, ಇದು ಭೇದಿ ಅಲ್ಲ. ಬಾಗಿಲಲ್ಲೇ ಕಲ್ಲು ಕೂತಿದೆ. ಅದರ ಸಂದೀಲಿ ನೀರು ಸೋರ್ತಿದೆ, ಅಷ್ಟೆ. ಬೀಗ ಹಾಕಿದ ಬಾಗಿಲಿಗೆ ನೀವು ಭೇದಿ ಮಾತ್ರೆ ನುಂಗಿ ಮೊಳೆ ಬೇರೆ ಹೊಡೆದಿದೀರಿ. ನಿಜ ಹೇಳಿ, ಹಳದಿ ಮಾತ್ರೆ ಎಷ್ಟು ನುಂಗಿದ್ರಿ?"

ಒಂದು ಅಂದೆ. ಮೊದಲನೇ ದಿನ. ಮಿಕ್ಕಿದ್ದೆಲ್ಲ ಬಾಳೆ ಬುಡಕ್ಕೆ.

ಬೈದಳು. ನನ್ನ ವಯಸ್ಸು, ನನ್ನ ಮೂವತ್ತೊಂದು ವರ್ಷ, ಯಾವುದನ್ನೂ ಲೆಕ್ಕಕ್ಕಿಡದೆ ಬೈದಳು. ಆಮೇಲೆ ಹಸಿರು ಔಷಧಿ ಕುಡಿಸಿ, ಅದು ಹತ್ತುವವರೆಗೆ ಅರ್ಧ ಗಂಟೆ ನನ್ನ ಕೈ ಹಿಡಿದುಕೊಂಡು ಕೂತಳು. ಬಿಸಿನೀರು ಬೇಕು ಅಂತ ಕೂಗಿದಳು. ಮಾವೆಜ್ಜೆ ಹಿಮ್ಮುಖವಾಗಿ ನಡೆದು ಬಂದು ಹೊಸ್ತಿಲಲ್ಲಿ ಬಕೆಟ್ಟಿಟ್ಟು ಹೋದ. ಟುಮುಶಾಬೆ ಬೆರಳಿಗೆ ವ್ಯಾಸಲೀನ್ ಹಚ್ಚಿ ಕೈಯಿಂದಲೇ ತೆಗೆದಳು, ಚೂರು ಚೂರಾಗಿ, ಒಂದು ಗಂಟೆ. ನಾನು ಹೆತ್ತಾಗಲೂ ಇಷ್ಟು ಕೂಗಿರಲಿಲ್ಲ. ಮುಗಿದ ಮೇಲೆ ಒರೆಸಿ, ತೊಳೆದು, ಹೊಸ ಬಟ್ಟೆ ಸುತ್ತಿ ಮಲಗಿಸಿದಳು. ಹೊಟ್ಟೆ ನನ್ನದೇ ಅನ್ನಿಸಿತು. ಅತ್ತುಬಿಟ್ಟೆ, ಅವಳ ಮುಂದೆಯೇ.

ಯಾಕೆ ಹೀಗೆ ಮಾಡಿಕೊಂಡಿರಿ ಅಂತ ಕೇಳಿದಳು. ಬುದ್ಧಿಗೆಟ್ಟು ಹೇಳಿಬಿಟ್ಟೆ, ಸುತ್ತಿಗೆ ನಿಲ್ಲುತ್ತದೆ ಅಂತ. ಆ ದರಿದ್ರದ ಹೆಂಗಸು ನೆಟ್ಟಗೆ ಆಚೆ ಹೋಗಿ ಅವನಿಗೆ ಅಷ್ಟನ್ನೂ ಹೇಳಿದಳು. ಒಂದು ಮಾತೂ ಬಿಡದೆ. ನನ್ನ ಹೊಟ್ಟೆಯ ವಿಷಯ ನನ್ನ ಅಳಿಯನಿಗೆ! ಅವಳಿಗೆ ಹತ್ತಕ್ಕೆ ಸೊನ್ನೆ. ಬೆರಳಿಗೆ ಮಾತ್ರ ಹತ್ತಕ್ಕೆ ಹತ್ತು.

ಮಾರ್ಚ್ ೨೩, ಸೋಮವಾರ

ಬೆಳಗಿನಿಂದ ಎಂದಿಗಿಂತ ಹೆಚ್ಚು ಸದ್ದು. ಸೇಡು ತೀರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಮುಚ್ಚಿದ ಬಾಗಿಲ ಹಿಂದೆ ನಿಂತು ಕೆಮ್ಮಿದೆ. ನಿಲ್ಲಿಸಲಿಲ್ಲ. ಮತ್ತೆ ಕೆಮ್ಮಿದೆ, ಗಂಟಲು ಹರಿಯುವ ಹಾಗೆ. ಬಡಿಯುತ್ತಲೇ ಇದ್ದ. ಅತ್ತೆ ಕೆಮ್ಮಿದರೂ ಸುತ್ತಿಗೆ ಇಡದ ಅಳಿಯನನ್ನು ಯಾವ ಕುಲದಲ್ಲಾದರೂ ಕಂಡಿದ್ದೀರಾ? ಮೈಯೆಲ್ಲ ಉರಿದುಹೋಯಿತು. ಬೈಯಲೆಂದೇ ಬಾಗಿಲು ತೆಗೆದೆ.

ನನ್ನ ಬಾಗಿಲಿನಿಂದ ಕಕ್ಕಸಿನವರೆಗೆ ಆಳೆತ್ತರದ ತಗಡಿನ ಗೋಡೆ ಎದ್ದಿತ್ತು. ಡಬ್ಬಗಳನ್ನು ಬಿಚ್ಚಿ, ಚಪ್ಪಟೆ ಮಾಡಿ, ಬಿದಿರಿಗೆ ಹೊಡೆದಿದ್ದಾನೆ. ಹದಿನೈದು ಒಲೆಗಾಗುವ ತಗಡು. ಅಡುಗೆ ಎಣ್ಣೆಯ ಹಳದಿ, ಬಣ್ಣದ ಡಬ್ಬದ ಕೆಂಪು, ನೋಡಲಿಕ್ಕೆ ಸರ್ಕಸ್ಸು. ಅವನು ಅದರಾಚೆ ಕೂತು ಬಡಿಯುತ್ತಿದ್ದ. ನಾನು ಹೋದದ್ದು, ಕೂತದ್ದು, ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಬೊಸ್ಕೊನ ಅಮ್ಮ ಬೇಲಿಯ ಮೇಲಿಂದ ಎಷ್ಟು ಕತ್ತು ಚಾಚಿದರೂ ತಗಡೇ.

ಎರಡು ನಿಮಿಷದಲ್ಲಿ ಆಯಿತು.

ಆದರೂ ಕೆಮ್ಮಿದಾಗ ನಿಲ್ಲಿಸದೇ ಇದ್ದದ್ದು ಒರಟುತನವೇ. ಹತ್ತಕ್ಕೆ ನಾಲ್ಕು.

ಮಾರ್ಚ್ ೨೬, ಗುರುವಾರ

ಹಳದಿ ಮಾತ್ರೆ ದಾಸ್ತಾನು ಮುಗಿದಿದೆಯಂತೆ, ಮುಂದಿನ ತಿಂಗಳೇ ಬರುವುದು. ಮಂಗಳವಾರ ಟುಮುಶಾಬೆ ಹೇಳಿಕೊಟ್ಟು ಹೋದಳು: ಪರಂಗಿ ಬೀಜವನ್ನು ಒಣಗಿಸಿ, ಪುಡಿ ಮಾಡಿ, ಮಲಗುವಾಗ ಒಂದು ಚಮಚ. ನಾನು ನಗಾಡಿದೆ. ಅವಳು ನಗಲಿಲ್ಲ, ನಮ್ಮ ಅರ್ಧ ರೋಗಿಗಳು ಇದರ ಮೇಲೇ ನಡೀತಿದಾರೆ ಅಂದಳು.

ಎರಡು ದಿನದಿಂದ ಮಾವೆಜ್ಜೆ ಬೀಜ ಒಣಗಿಸುತ್ತಿದ್ದಾನೆ, ಬಿಸಿಲಿಗೆ ಕಾದ ತಗಡಿನ ಮೇಲೆ. ಇವತ್ತು ಕುಟ್ಟಿದ. ಒರಟು. ನಾಲಗೆಗೆ ಮೆಣಸಿನ ಹಾಗೆ ಚುರುಗುಟ್ಟುತ್ತದೆ, ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಅಂದರೆ ಪುಡಿಯಾಗಬೇಕು, ಜಲ್ಲಿಯಲ್ಲ ಅಂತ ನಸ್ಸೂನಾಳ ಕೈಯಲ್ಲಿ ಹೇಳಿ ಕಳಿಸಿದೆ.

ಮಾರ್ಚ್ ೩೦, ಸೋಮವಾರ

ಈಗ ಪುಡಿ ಹಿಟ್ಟಿನಷ್ಟು ನುಣ್ಣಗಿದೆ. ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾನಂತೆ. ದಿನ ಬಿಟ್ಟು ದಿನ ಆಗುತ್ತಿದೆ. ನೋವು ಒಂದು ಬೆರಳು. ಅರ್ಧ ಬಟ್ಟಲು ಗಂಜಿ ಕುಡಿದೆ, ಒಂದು ತುಂಡು ಮಟೊಕೆಯೂ ಇಳಿಯಿತು.

ಬೆಳಿಗ್ಗೆ ತಗಡಿನಾಚೆಯಿಂದ ಅವನು ಮಾತಾಡಿದ. ನಡುವೆ ಗೋಡೆಯಿದ್ದರೆ, ಮುಖ ಕಾಣದಿದ್ದರೆ ಅದಕ್ಕೆ ಅಡ್ಡಿಯಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಜೊತೆ ಆಡಿದ ಮೊದಲನೇ ಮಾತು, "ಅತ್ತೆಮ್ಮಾ, ಇವತ್ತು ಆಯ್ತಾ?"

ಇದನ್ನು ಕೇಳಲು ಹದಿನಾಲ್ಕು ವರ್ಷ ಬೇಕಾಯಿತೇ ನಿನಗೆ ಅಂದೆ. ಅವನು ನಗುವ ಸದ್ದು ಕೇಳಿಸಿತು. ಹಾಗೆಲ್ಲ ನಗುವುದು ನನಗೆ ಹಿಡಿಸುವುದಿಲ್ಲ. ಆಯಿತು ಅಂತ ಹೇಳಿದೆ.

ಏಪ್ರಿಲ್ ೫, ಈಸ್ಟರ್

ಚರ್ಚಿಗೆ ಹೋಗಲಾಗಲಿಲ್ಲ. ಕೋಳಿ ಬೇಯಿಸಿದ್ದರು. ಕೋಳಿಯ ಅತ್ಯುತ್ತಮ ಭಾಗ ಮನೆಯ ಗಂಡಸಿಗೆ ಮೀಸಲು, ಅದು ನನ್ನ ತಟ್ಟೆಗೆ ಬಂತು. ಯಾರು ಹಾಕಿದ್ದು ಅಂತ ಕೇಳಿದೆ. ನಸ್ಸೂನಾ ನೆಲ ನೋಡಿದಳು. ಉಪ್ಪು ಕಮ್ಮಿ ಅಂದೆ, ಆದರೆ ಪೂರ್ತಿ ತಿಂದೆ.

ಕಾಲು ಜೋಮು ಹಿಡಿದ ಹಾಗೆ ಇದೆ.

ಏಪ್ರಿಲ್ ೮, ಬುಧವಾರ

ಎರಡೂ ಕಾಲು ಹೋದವು. ನಿನ್ನೆ ಟುಮುಶಾಬೆ ಬಂದಾಗ ಇನ್ನೂ ಎಳೆದುಕೊಂಡಾದರೂ ನಡೆಯುತ್ತಿದ್ದೆ, ಇವತ್ತು ಬೆಳಿಗ್ಗೆ ಎದ್ದರೆ ಸೊಂಟದ ಕೆಳಗೆ ನಾನಿಲ್ಲ. ಅವಳನ್ನು ಮತ್ತೆ ಕರೆಸಿದರು. ಮೂಳೆ ನರವನ್ನು ಒತ್ತಿದೆ ಅಂದಳು, ಇನ್ನು ವಾಪಸ್ ಬರುವುದಿಲ್ಲ ಅಂದಳು. ಮೊದಲ ಸಲ ಮೆಲ್ಲಗೆ ಮಾತಾಡಿದಳು, ಅದರಲ್ಲೇ ಗೊತ್ತಾಯಿತು.

ಕಕ್ಕಸು ಇನ್ನು ಚಂದ್ರಲೋಕದಷ್ಟು ದೂರ. ಮಾವೆಜ್ಜೆ ಒಂದೇ ದಿನದಲ್ಲಿ ತಗಡಿನ ಪೀಠ ಮಾಡಿ ಕಳಿಸಿದ್ದಾನೆ. ನಡುವೆ ತೂತು, ಕೆಳಗೆ ಡಬ್ಬ, ಎರಡೂ ಕಡೆ ಹಿಡಿಕೆ, ಅಂಚು ಕೊಯ್ಯದ ಹಾಗೆ ಟೈರಿನ ರಬ್ಬರ್ ಸುತ್ತಿದ್ದಾನೆ. ದೊಡ್ಡ ಒಲೆಯ ಹಾಗಿದೆ. ಹೆಡ್‌ಮಿಸ್ಟ್ರೆಸ್ಸಿನ ಕೊನೆಯ ಕುರ್ಚಿ ಇದು ಅಂತ ನಸ್ಸೂನಾಳಿಗೆ ಹೇಳಿದೆ. ಅವಳು ನಗಬೇಕೋ ಅಳಬೇಕೋ ಗೊತ್ತಾಗದೆ ಎರಡೂ ಮಾಡಿದಳು. ಸಂಜೆ ಅವಳೇ ಎತ್ತಿ ಕೂರಿಸಿದಳು. ಹಗಲೆಲ್ಲ ಅವಳು ಮಾರುಕಟ್ಟೆಯಲ್ಲಿರುತ್ತಾಳೆ. ಬೊಸ್ಕೊನ ಅಮ್ಮನಿಗೆ ನನ್ನನ್ನು ಎತ್ತುವ ತಾಕತ್ತಿಲ್ಲ, ಬಾಯಲ್ಲಿ ಮಾತ್ರ ಅವಳ ತಾಕತ್ತು.

ಏಪ್ರಿಲ್ ೧೦, ಶುಕ್ರವಾರ

ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಬೆಳಿಗ್ಗೆ ಹತ್ತಕ್ಕೆ ಬಂತು. ಪರಂಗಿ ಬೀಜ ಗಡಿಯಾರ ನೋಡಿಕೊಂಡು ಕೆಲಸ ಮಾಡುವುದಿಲ್ಲ. ಪೀಠ ನನ್ನ ಚಾಪೆಯಿಂದ ಎರಡೇ ಹೆಜ್ಜೆ. ಕೈಯೂರಿ ತೆವಳಿದೆ, ಆಗಲಿಲ್ಲ. ನಾನು ಒದ್ದಾಡುವುದು ತಗಡಿನಾಚೆ ಕೇಳಿಸಿರಬೇಕು.

"ಅತ್ತೆಮ್ಮಾ, ನಾನು ಬರ್ಲಾ? ಕಣ್ಣು ಕಟ್ಕೊಂಡು ಬರ್ತೀನಿ."

ಬಂದರೆ ನೋಡು ಅಂತ ಕೂಗಿದೆ. ಅವನು ಹೊಸ್ತಿಲಿನವರೆಗೂ ಬಂದು ನಿಂತ, ನೆರಳು ಕಾಣುತ್ತಿತ್ತು. ಟ್ರೈನಿಂಗ್ ಕಾಲೇಜಿನಲ್ಲಿ ನಾನು ವಿಜ್ಞಾನ ಓದಿದವಳು, ಓಬುಕೊ ಗೀಬುಕೊ ಎಲ್ಲ ಅಜ್ಜಿಯರ ಕಾಲದ್ದು ಅಂತ ಮಕ್ಕಳಿಗೆ ಪಾಠ ಮಾಡಿದವಳು. ಆದರೆ ನನ್ನ ಚಿಕ್ಕಪ್ಪನ ಕೈ ನಡುಗುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಂಜಿಯ ಬಟ್ಟಲು ಬಾಯಿಗೆ ತಲುಪುತ್ತಿರಲಿಲ್ಲ. ಇವನು ಸುತ್ತಿಗೆ ಹಿಡಿಯುವವನು.

"ನಿನ್ನ ಕೈ ಹೋದ್ರೆ ಒಲೆ ನಿನ್ನಪ್ಪ ಮಾಡ್ತಾನಾ? ಹೋಗು, ನಿನ್ನ ಕೆಲಸ ನೋಡ್ಕೋ" ಅಂದೆ.

ನೆರಳು ಹೋಯಿತು. ನಾನು ಚಾಪೆಯಲ್ಲೇ ಮಾಡಿಕೊಂಡೆ. ಅದರಲ್ಲೇ ಬಿದ್ದಿದ್ದೆ, ನಸ್ಸೂನಾ ಬರುವವರೆಗೆ, ಸಂಜೆ ಐದರವರೆಗೆ. ಸುತ್ತಿಗೆಯ ಸದ್ದು ಇಡೀ ದಿನ ಬರಲಿಲ್ಲ.

ಏಪ್ರಿಲ್ ೧೧, ಶನಿವಾರ

ಬೀಜದ ಪುಡಿಯನ್ನು ಬಿಟ್ಟುಬಿಡಲೇ ಅಂತ ಬೆಳಗಿನಿಂದ ಯೋಚಿಸುತ್ತಿದ್ದೇನೆ. ಬಿಟ್ಟರೆ ಬರುವುದಿಲ್ಲ. ಬರದಿದ್ದರೆ ಯಾರೂ ಎತ್ತಬೇಕಾಗಿಲ್ಲ. ಆದರೆ ಆ ಕಲ್ಲು, ಆ ಐದು ಬೆರಳು ಇನ್ನೂ ಮರೆತಿಲ್ಲ. ಇನ್ನೊಂದು ಸಲ ಅದನ್ನು ತಾಳುವ ಶಕ್ತಿ ನನಗಿಲ್ಲ. ಹೆದರಿಕೆಯಾಗುತ್ತದೆ ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ, ಬೇರೆಲ್ಲೂ ಒಪ್ಪುವುದಿಲ್ಲ.

ಸಂಜೆ ಚಮಚ ಹಿಡಿದುಕೊಂಡು ಕೂತೇ ಇದ್ದೆ. ಇದೇನು ಇವನಿಗೆ ಗೋಡೆಯಾಚೆಗೂ ಕಾಣುತ್ತದೆಯೋ, ಆಚೆಯಿಂದ ದನಿ ಬಂತು.

"ಪುಡಿ ತಗೊಳ್ಳಿ ಅತ್ತೆಮ್ಮಾ. ಮಿಕ್ಕಿದ್ದು ನಾನು ನೋಡ್ಕೋತೀನಿ."

ನಿನಗೆ ಬುದ್ಧಿ ಹೇಳಲು ಯಾರು ಕರೆದರು ಅಂದೆ. ತಗೊಂಡೆ.

ಏಪ್ರಿಲ್ ೧೩, ಸೋಮವಾರ

ಹನ್ನೊಂದು ಗಂಟೆ. ನಸ್ಸೂನಾ ಮಾರುಕಟ್ಟೆಯಲ್ಲಿ. ಬೊಸ್ಕೊನ ಅಮ್ಮ ಯಾರದೋ ಮಣ್ಣಿಗೆಂದು ಕಲುಂಗು ಊರಿಗೆ ಹೋಗಿದ್ದಳು. ಮತ್ತೆ ಬಂತು.

ಹಲ್ಲು ಕಚ್ಚಿಕೊಂಡೆ. ಶುಕ್ರವಾರ ಚಾಪೆಯಲ್ಲಿ ಹಾಗೇ ಬಿದ್ದಿದ್ದ ಏಳು ತಾಸು ನೆನಪಾಯಿತು. ಅವನು ಹೊಸ್ತಿಲಲ್ಲಿ ನಿಂತಿದ್ದ, ನಾನು ಕರೆಯುವ ಮೊದಲೇ. ಬೆನ್ನು ನನ್ನ ಕಡೆಗಿತ್ತು.

ಬಟ್ಟೆಯಾಚೆಯಿಂದ ಮುಟ್ಟಿದರೆ ಮುಟ್ಟಿದ ಹಾಗಲ್ಲ ಅಂತ ನಾನೇ ಹೇಳಿದೆ. ಯಾವ ಹಿರಿಯರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ, ಆ ಗಳಿಗೆಯಲ್ಲಿ ಹುಟ್ಟಿಸಿದ ಮಾತು. ತಲೆದಿಂಬಾಗಿ ಇಟ್ಟುಕೊಂಡಿದ್ದ ಮರದ ತೊಗಟೆಯ ಬಟ್ಟೆಯನ್ನು ಬಾಗಿಲಿಗೆ ಎಸೆದೆ. ನನ್ನ ಹೆಣಕ್ಕೆ ಸುತ್ತಲೆಂದು ಊರಿಂದ ತಂದಿದ್ದದ್ದು. ಅದನ್ನು ಮೊಣಕೈವರೆಗೆ ಸುತ್ತಿಕೋ ಅಂದೆ. ಸುತ್ತಿಕೊಂಡ. ಕಣ್ಣಿಗೆ ನಸ್ಸೂನಾಳ ತಲೆವಸ್ತ್ರ ಕಟ್ಟಿಕೊಂಡು ಒಳಗೆ ಬಂದ.

"ಎಡಕ್ಕೆ. ನಿನ್ನ ಎಡಕ್ಕಲ್ಲ, ನನ್ನ ಎಡಕ್ಕೆ. ಬಗ್ಗು. ಇನ್ನೂ ಬಗ್ಗು, ಬೆನ್ನೇನು ಬಾಡಿಗೆಗೆ ತಂದಿದೀಯಾ? ಹ್ಞಾಂ. ಈಗ ಎತ್ತು."

ಎತ್ತಿದ. ನಾನು ಇಷ್ಟು ಹಗುರಾಗಿದ್ದೇನೆ ಅಂತ ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಒಂದು ಕ್ಷಣ ಹಾಗೇ ನಿಂತುಬಿಟ್ಟ. ಎರಡು ಹೆಜ್ಜೆ ಹೇಳಿದೆ, ಎರಡು ಹೆಜ್ಜೆ ಇಟ್ಟ, ಕೂರಿಸಿದ, ಗೋಡೆ ತಡವಿಕೊಂಡು ಆಚೆ ಹೋದ. ಆಚೆ ಹೋಗಿ ಜೋರಾಗಿ ಬಡಿಯಲು ಶುರು ಮಾಡಿದ. ಆಯಿತು, ಚೆನ್ನಾಗಿ ಆಯಿತು. ಕೈಗೆ ಸಿಗುವ ಹಾಗೆ ನೀರು, ಬಟ್ಟೆ ಇಟ್ಟಿದ್ದರು, ನಾನೇ ಒರೆಸಿಕೊಂಡೆ. ಕರೆದೆ. ಮತ್ತೆ ಕಣ್ಣು ಕಟ್ಟಿಕೊಂಡು ಬಂದು ಚಾಪೆಗೆ ಸೇರಿಸಿದ.

ಅವನ ಕಣ್ಣು ಕಟ್ಟಿತ್ತು. ನನ್ನದು ಕಟ್ಟಿರಲಿಲ್ಲ. ನೋಡಿದೆ. ಗಡ್ಡದಲ್ಲಿ ನೆರೆ ಬಂದಿದೆ. ಕೆನ್ನೆಯ ಮೇಲೆ ಕಿಡಿ ಹಾರಿ ಸುಟ್ಟ ಕಲೆಗಳಿವೆ, ಐದೋ ಆರೋ. ನಾನು ಅಂದುಕೊಂಡಿದ್ದಕ್ಕಿಂತ ತುಂಬ ಸುಸ್ತಾದ ಮುಖ. ತುಟಿ ಅಲುಗುತ್ತಿತ್ತು, ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ಹೆದರಿದ್ದ ಅವನು. ಹೆದರಿಕೊಂಡೇ ಬಂದಿದ್ದ.

ಅಂಕ ಕೊಡುವುದಿಲ್ಲ ಇವತ್ತು. ಸುಸ್ತಾಗಿದೆ.

ಏಪ್ರಿಲ್ ೧೪, ಮಂಗಳವಾರ

ಟುಮುಶಾಬೆ ಬರುತ್ತಾಳೆಂದು ನಸ್ಸೂನಾ ಅಂಗಡಿಗೆ ಹೋಗದೆ ಬಾಗಿಲಲ್ಲಿ ಮೊಣಕಾಲೂರಿ ಕೂತಿದ್ದಳು. ಬೊಸ್ಕೊನ ಅಮ್ಮನೂ ಸಾವಿನ ಮನೆಯ ಸುದ್ದಿ ಹೇಳುವ ನೆಪದಲ್ಲಿ ಬಂದು ನಿಂತಿದ್ದಳು. ಟುಮುಶಾಬೆ ಮೊದಲು ನನ್ನ ಕಾಲಿನ ಬೆರಳುಗಳನ್ನು ಒಂದೊಂದಾಗಿ ಚಿವುಟಿದಳು. ಏನಾದರೂ ಗೊತ್ತಾಗ್ತಿದೆಯಾ ಅಂದಳು. ಏನೂ ಇಲ್ಲ ಅಂದೆ. ಆಮೇಲೆ ಪುಸ್ತಕ ತೆಗೆದಳು.

"ಹೊರಕಡೆಗೆ ಆಯ್ತಾ?"

ನಿನ್ನೆ ಹನ್ನೊಂದು ಗಂಟೆಗೆ ಆಯಿತು, ಚೆನ್ನಾಗಿ ಆಯಿತು ಅಂದೆ. ಅವಳಿಗೆ ಖುಷಿಯಾಯಿತು. ಚಾಪೇಲಾ ಅಂತ ಕೇಳಿದಳು. ಚಾಪೆಯಲ್ಲಲ್ಲ, ಪೀಠದಲ್ಲಿ ಅಂದೆ.

"ಯಾರು ಕೂರಿಸಿದ್ರು?"

ನಸ್ಸೂನಾ ತಲೆಯೆತ್ತಿ ನನ್ನನ್ನು ನೋಡಿದಳು. ಹನ್ನೊಂದು ಗಂಟೆಗೆ ಅವಳು ಮನೆಯಲ್ಲಿರಲಿಲ್ಲ. ಬೊಸ್ಕೊನ ಅಮ್ಮನ ಕಿವಿ ನೆಟ್ಟಗಾದದ್ದು ಕಂಡಿತು. ಆಚೆ ಸುತ್ತಿಗೆಯ ಸದ್ದು ನಿಂತಿತು. ನಾನು ಹೆಸರು ಹೇಳಿದರೆ ಸಂಜೆಯೊಳಗೆ ಕೇರಿಯೆಲ್ಲ ಹಬ್ಬುತ್ತದೆ. ನಾಳೆ ಅವನಿಗೆ ಮಲೇರಿಯಾ ಬಂದು ಕೈ ನಡುಗಿದರೂ, ಮುಪ್ಪು ಬಂದು ನಡುಗಿದರೂ, ಅತ್ತೆಯನ್ನು ಮುಟ್ಟಿದವನು ಅಂತಲೇ ಬೆರಳು ತೋರಿಸುತ್ತಾರೆ. ನಾನು ಅಷ್ಟು ದಿನ ಇರುವುದಿಲ್ಲ, ಅವನು ಇರುತ್ತಾನೆ.

"ಯಾರೂ ಇಲ್ಲ. ನಾನೇ ಎದ್ದು ನಡೆದೆ" ಅಂದೆ.

ಟುಮುಶಾಬೆ ನನ್ನ ಕಾಲು ನೋಡಿದಳು. ಬಾಗಿಲಾಚೆಯ ತಗಡಿನ ಗೋಡೆಯನ್ನು ನೋಡಿದಳು. ಪೆನ್ನಿನ ಮುಚ್ಚಳ ತೆಗೆದಳು.

"ಎಷ್ಟು ಹೆಜ್ಜೆ ಅಮ್ಮಾ?"

"ಎರಡು. ಬರ್ಕೊಳ್ಳಿ."

ಬರೆದುಕೊಂಡಳು. ಅಕ್ಷರ ಸರಿಯಿದೆಯೇ ನೋಡಬೇಕು ಅಂತ ಪುಸ್ತಕ ಕೇಳಿ ತೆಗೆದುಕೊಂಡು ಓದಿದೆ. ರೋಗಿ ತಾವೇ ನಡೆದರು, ಎರಡು ಹೆಜ್ಜೆ ಅಂತ ಬರೆದಿದ್ದಳು.